ಆಸ್ಟ್ರೋಸ್ಯಾಟ್‌ನ ಓರೆನೋಟ

ರೋಹಿಣಿ ಮಳೆ ನೋಡಿಕೊಂಡು ಬಿತ್ತನೆಯ ಲೆಕ್ಕ ಹಾಕುವ ನೀರಮಾನ್ವಿ, ದೇವದುರ್ಗದ ಕಡೆಯ ರೈತರಿಗೆ ವೃಷಭ ರಾಶಿ ಹೊಸದಲ್ಲ. ರೋಹಿಣಿ ಇರುವುದೇ ಅಲ್ಲಿ. ಚಳಿಗಾಲದ ರಾತ್ರಿ ಆ ಕೆಂಚು ಚುಕ್ಕೆ ಬರಿಗಣ್ಣಿಗೆ ಸಿಗುತ್ತದೆ. ಅದೇ ರಾಶಿಯ ಏಡಿ ನೀಹಾರಿಕೆ ಸಿಗುವುದಿಲ್ಲ. 1054ರಲ್ಲಿ ಚೀನೀಯರು ಹಾಡಹಗಲೇ ಕಂಡು ಬರೆದಿಟ್ಟ ನಕ್ಷತ್ರಸ್ಫೋಟದ ಅವಶೇಷ ಅದು, ಸುಮಾರು 6,500 ಜ್ಯೋತಿರ್ವರ್ಷ ಆಚೆ. ಅದರ ನಡುವೆ ಸೆಕೆಂಡಿಗೆ ಸುಮಾರು 30 ಸುತ್ತು ತಿರುಗುವ ನ್ಯೂಟ್ರಾನ್ ತಾರೆಯಿದೆ. ಭಾರತದ ಆಸ್ಟ್ರೋಸ್ಯಾಟ್‌ಗೆ ಹೆಸರು ತಂದವುಗಳಲ್ಲಿ ಈ ತಾರೆಯೂ ಒಂದು.

2015ರ ಸೆಪ್ಟೆಂಬರ್ 28ರಂದು ಹಾರಿದ ಈ ಉಪಗ್ರಹದ ನಿಯಂತ್ರಣ ಬೆಂಗಳೂರಿನಲ್ಲಿ. ದತ್ತಾಂಶದ ಸಂಗ್ರಹ ಬ್ಯಾಲಾಳಿನಲ್ಲಿ. ಇದನ್ನು ಗಾಮಾ ವೀಕ್ಷಣಾಲಯ ಎಂದು ಹೊಗಳುವವರಿದ್ದಾರೆ. ಅದು ಸ್ವಲ್ಪ ಹೆಚ್ಚಾಯಿತು. ಇದರ ಸಿಝಡ್‌ಟಿ ಇಮೇಜರ್‌ನ ಎಟುಕು ಕೆಲವು ನೂರು ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗೆ, ಅಂದರೆ ಎಕ್ಸ್‌ರೇ ಮುಗಿದು ಗಾಮಾ ಶುರುವಾಗುವ ಗಡಿಗೆ ನಿಲ್ಲುತ್ತದೆ. 2008ರಲ್ಲಿ ಹಾರಿದ ಅಮೆರಿಕದ ಫರ್ಮಿ ಅದರ ಲಕ್ಷಾಂತರ ಪಟ್ಟು ಶಕ್ತಿಯ ಕಿರಣಗಳನ್ನೂ ಹಿಡಿಯುತ್ತದೆ.

ಆದರೂ ಗಡಿಯಲ್ಲಿ ನಿಂತವನಿಗೆ ಕಾಣುವುದೇ ಬೇರೆ. ಇಮೇಜರ್‌ನ ಮುಖ್ಯ ಕೆಲಸ ಎದುರಿಗಿರುವ ಒಂದು ಕಾಯದ ಚಿತ್ರ ತೆಗೆಯುವುದು. ಅದಕ್ಕಾಗಿ ಮುಂದೊಂದು ತೂತುಗಳ ಟ್ಯಾಂಟಲಮ್ ಪರದೆ, ಸುತ್ತ ಗೋಡೆ. ಶಕ್ತಿ 100 ಕಿಲೋ ಎಲೆಕ್ಟ್ರಾನ್ ವೋಲ್ಟ್ ದಾಟಿತೆಂದರೆ ಈ ಗೋಡೆಗಳು ಕಿರಣವನ್ನು ಪೂರ್ತಿ ತಡೆಯಲಾರವು. ಚಿತ್ರಕ್ಕೆ ಇದು ದೋಷ, ಆಕಾಶದಲ್ಲಿ ಎಲ್ಲೋ ಕ್ಷಣಕಾಲ ಮಿಂಚಿ ಮರೆಯಾಗುವ ಗಾಮಾ ಸ್ಫೋಟಗಳ ಬೇಟೆಗೆ ವರ. ಅಕ್ಕಪಕ್ಕದಿಂದ ಬಂದ ಬೆಳಕೂ ಒಳಗೆ ದಾಖಲಾಗುತ್ತದೆ. ಅಕ್ಟೋಬರ್ 6ರಂದು ಯಂತ್ರ ಚಾಲೂ ಮಾಡಿದ ದಿನವೇ ಒಂದು ಸ್ಫೋಟ ಸಿಕ್ಕಿತು. 2023ರ ನವೆಂಬರ್ ಹೊತ್ತಿಗೆ ಲೆಕ್ಕ 600 ಮುಟ್ಟಿತ್ತು.

ಏಡಿಯ ಕಥೆ ಇನ್ನೂ ಸ್ವಾರಸ್ಯದ್ದು. ಒಂದು ಪಿಕ್ಸೆಲ್‌ಗೆ ಬಡಿದ ಕಿರಣ ಚದುರಿ ಪಕ್ಕದ ಪಿಕ್ಸೆಲ್‌ಗೆ ಹೋದರೆ, ಆ ಜೋಡಿಯ ದಿಕ್ಕು ಲೆಕ್ಕ ಹಾಕಿ ಬೆಳಕಿನ ಧ್ರುವೀಕರಣ, ಅಂದರೆ ಅದರ ಅಲೆಗಳು ಒಂದೇ ದಿಕ್ಕಿನಲ್ಲಿ ಎಷ್ಟು ಕಂಪಿಸುತ್ತವೆ ಎಂಬುದನ್ನು, ತಿಳಿಯಬಹುದು. 2017ರ ನವೆಂಬರ್‌ನಲ್ಲಿ ‘ನೇಚರ್ ಅಸ್ಟ್ರಾನಮಿ’ಯಲ್ಲಿ ಬಂದ ಫಲಿತಾಂಶದ ಪ್ರಕಾರ, ತಾರೆಯ ಬೆಳಕಿನ ಮಿಡಿತಗಳ ನಡುವಿನ ಬಿಡುವಿನಲ್ಲೇ ಧ್ರುವೀಕರಣ ಏರಿಳಿಯುತ್ತಿತ್ತು. ಮಿಡಿತವಿಲ್ಲದ ಆ ಹೊತ್ತಿನಲ್ಲಿ ಬರುವುದು ನೀಹಾರಿಕೆಯ ಬೆಳಕಷ್ಟೇ ಎಂಬ ಊಹೆಗೆ ಇದು ಒಗ್ಗಲಿಲ್ಲ. ಧ್ರುವೀಕರಣಕ್ಕೆಂದೇ ಮಾಡಿರದ ಯಂತ್ರದಿಂದ ಇಷ್ಟು ಹಿಂಡಿದ್ದು ಮೆಚ್ಚಬೇಕಾದ್ದೇ.

ಮೆಚ್ಚುಗೆಯ ಜೊತೆ ಎಚ್ಚರವೂ ಬೇಕು. ಇದೇ ವಿಧಾನದಲ್ಲಿ ಆರಂಭದಲ್ಲಿ ಅಳೆದ 11 ಗಾಮಾ ಸ್ಫೋಟಗಳಲ್ಲಿ ಬಹುಪಾಲು ಬಲವಾಗಿ ಧ್ರುವೀಕೃತ ಎನಿಸಿದ್ದವು. ಚೀನಾದ ಪೋಲಾರ್ ಉಪಕರಣಕ್ಕೆ ಕಂಡದ್ದು ಬಹಳ ಕಡಿಮೆ. ಆಸ್ಟ್ರೋಸ್ಯಾಟ್ ತಂಡವೇ ಐದು ವರ್ಷದ 20 ಸ್ಫೋಟಗಳನ್ನು ಹೊಸ ವಿಧಾನದಲ್ಲಿ ಪರಿಶೀಲಿಸಿ 2022ರಲ್ಲಿ ಪ್ರಕಟಿಸಿದಾಗ, ಸುಮಾರು ಮುಕ್ಕಾಲು ಪಾಲಿನಲ್ಲಿ ಧ್ರುವೀಕರಣ ಕಡಿಮೆ ಅಥವಾ ಇಲ್ಲ ಎಂದಾಯಿತು. ತಮ್ಮ ಮಾತನ್ನು ತಾವೇ ತಿದ್ದಿದ್ದು ಆ ತಂಡದ ದೊಡ್ಡಸ್ತಿಕೆ. ಪತ್ರಿಕೆಗಳಲ್ಲಿ ಮಾತ್ರ ‘ಮೊದಲು’, ‘ದಾಖಲೆ’ ಎಂಬ ಸುದ್ದಿಗಳಿಗೇ ಜಾಗ ಸಿಗುವುದು.

ಇನ್ನೊಂದು ಕೊರತೆ ಕಕ್ಷೆಯದು. ಸುಮಾರು 650 ಕಿಲೋಮೀಟರ್ ಎತ್ತರದಲ್ಲಿ ಸುತ್ತುವಾಗ ಆಕಾಶದ ದೊಡ್ಡ ಭಾಗವನ್ನು ಭೂಮಿಯೇ ಮುಚ್ಚಿಬಿಡುತ್ತದೆ. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ತಾರೆಗಳು ಡಿಕ್ಕಿಯಾದ ಗುರುತ್ವ ಅಲೆ ಬಂದಾಗ, ಫರ್ಮಿ ಅದರ ಗಾಮಾ ಮಿಂಚನ್ನು ಕಂಡಿತು. ಆಸ್ಟ್ರೋಸ್ಯಾಟ್‌ಗೆ ಭೂಮಿ ಅಡ್ಡ ಬಂತು.

ಐದು ವರ್ಷಕ್ಕೆಂದು ಕಟ್ಟಿದ ಉಪಗ್ರಹ ಆ ಗಡುವು ದಾಟಿಯೂ ದುಡಿಯಿತು. 1994ರಲ್ಲಿ ಹಾರಿದ, ಬೆಂಗಳೂರಿನ ಇಸ್ರೋ ಕೇಂದ್ರದ ಗಾಮಾ ಸ್ಫೋಟ ಉಪಕರಣವಿದ್ದ ಸ್ರಾಸ್-ಸಿ2ರಿಂದ ಇಲ್ಲಿಗೆ ಬರಲು ಎರಡು ದಶಕ ಹಿಡಿದಿತ್ತು. 2024ರ ಜನವರಿ 1ರಂದು ಹಾರಿದ ಎಕ್ಸ್‌ಪೋಸ್ಯಾಟ್‌ನಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಪೋಲಿಕ್ಸ್ ಉಪಕರಣವಿದೆ, ಆದರೆ ಅದರ ವ್ಯಾಪ್ತಿ 8ರಿಂದ 30 ಕಿಲೋ ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಗಾಮಾ ಅದರ ದಾರಿಯಲ್ಲ. ಭೂಮಿಯ ಎರಡು ಮಗ್ಗುಲಿಗೆ ಒಂದೊಂದು ಉಪಗ್ರಹ ನಿಲ್ಲಿಸಿ ಇಡೀ ಆಕಾಶ ಕಾಯುವ ‘ದಕ್ಷ’ ಪ್ರಸ್ತಾವಕ್ಕೆ ಆಸ್ಟ್ರೋಸ್ಯಾಟ್‌ನ ಈ ಕೊರತೆಗಿಂತ ಬೇರೆ ಶಿಫಾರಸು ಬೇಕಿಲ್ಲ.