ಪೇಟಿಗೆ ಮುಚ್ಚಿದ್ದ ಬಾಗಿಲು

ರಾಜಾಶ್ರಯದ ಕಾಲ ಸಂದುಹೋಗಿ, ಅದರ ಸ್ಥಾನದಲ್ಲಿ ಸರಕಾರದ ಅಕಾಡೆಮಿಗಳೂ ಆಕಾಶವಾಣಿಯೂ ಕುಳಿತು ಬಹಳ ವರ್ಷಗಳಾದವು. ದಿಲ್ಲಿಯಲ್ಲಿ ಸಂಗೀತ ನಾಟಕ ಅಕಾಡೆಮಿ 1953ರಲ್ಲಿ ಉದ್ಘಾಟನೆಗೊಂಡಿತು. ಮರುವರ್ಷವೇ ಸಾಹಿತ್ಯ ಮತ್ತು ಲಲಿತಕಲೆಗಳ ಅಕಾಡೆಮಿಗಳು ಬಂದವು. ಇವುಗಳ ಉಪಕಾರವನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಪೋಷಿಸುವ ಕೈಯೇ ಅಳೆಯುವ ಕೈಯೂ ಆದಾಗ ಏನಾಗುತ್ತದೆಂಬುದಕ್ಕೆ ಗದಗ ಸೀಮೆಯ ಜನರಾದ ನಮಗೆ ದೂರದ ದೃಷ್ಟಾಂತ ಬೇಕಾಗಿಲ್ಲ. ಹಾರ್ಮೋನಿಯಂ, ಎಂದರೆ ನಮ್ಮ ಹಳ್ಳಿಗರ ಪೇಟಿ, ಅದನ್ನು ಹೇಳುತ್ತದೆ.

1940ರ ಮಾರ್ಚ್ ತಿಂಗಳಿನಲ್ಲಿ ಅಂದಿನ ರೇಡಿಯೋ ಇಲಾಖೆಯು ತನ್ನ ಎಲ್ಲ ಕೇಂದ್ರಗಳಲ್ಲಿ ಈ ವಾದ್ಯವನ್ನು ನಿಷೇಧಿಸಿತು. ಇಲಾಖೆಯ ಮುಖ್ಯಸ್ಥರಾಗಿದ್ದವರು ಲಯೊನೆಲ್ ಫೀಲ್ಡನ್ ಎಂಬ ಆಂಗ್ಲರು. ವಿದೇಶೀಯರೊಬ್ಬರ ಆಡಳಿತದಲ್ಲಿ ಒಂದು ವಾದ್ಯವು ವಿದೇಶೀಯವೆಂದು ಹೊರಬಿದ್ದದ್ದು ವಿನೋದವೇ ಸರಿ. ಸ್ವಾತಂತ್ರ್ಯ ಬಂದರೂ ನಿಷೇಧ ಹೋಗಲಿಲ್ಲ. 1952ರಿಂದ ಹತ್ತು ವರ್ಷ ಪ್ರಸಾರ ಖಾತೆಯ ಸಚಿವರಾಗಿದ್ದ ಬಿ. ವಿ. ಕೇಸ್ಕರ್ ಅವರು ಶಾಸ್ತ್ರಶುದ್ಧಿಯ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟಿನವರು. ಧಾರವಾಡ ಕೇಂದ್ರವು 1950ರ ಜನವರಿ 8ರಂದು ಆರಂಭವಾಯಿತು. 1970ರಲ್ಲಿ ವಿದ್ವಾಂಸರ ಗೋಷ್ಠಿಯೊಂದು ನಡೆದು, 1971ರಲ್ಲಿ ನಿಷೇಧವು ಸಡಿಲಗೊಂಡಿತು. ಅದೂ ಮೇಲಿನ ಶ್ರೇಣಿಯ ಗಾಯಕರಿಗೆ ಪಕ್ಕವಾದ್ಯವಾಗಿ ಮಾತ್ರ. ಹೀಗೆ ನಮ್ಮ ಕೇಂದ್ರದ ಮೊದಲ ಇಪ್ಪತ್ತು ವರ್ಷಗಳು ಪೇಟಿಯಿಲ್ಲದೆ ಕಳೆದವು.

ನಿಷೇಧಕ್ಕೆ ಕೊಟ್ಟ ಕಾರಣಗಳನ್ನು ಹಗುರವಾಗಿ ಕಾಣಲಾಗದು. ಪೇಟಿಯ ಸ್ವರಗಳು ಮೊದಲೇ ಕಟ್ಟಿಟ್ಟವು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಅದರಲ್ಲಿ ಬಾರದು. ರಾಗಕ್ಕೆ ತಕ್ಕಂತೆ ಶ್ರುತಿಯ ಸೂಕ್ಷ್ಮ ಬದಲಾಗದು. ರವೀಂದ್ರನಾಥ ಠಾಕೂರರೂ ಅದನ್ನು ವಿರೋಧಿಸಿದ್ದರು. ಪಿಟೀಲು ಕೂಡ ಹೊರಗಿನಿಂದ ಬಂದದ್ದೇ ಅಲ್ಲವೇ ಎಂಬ ಉತ್ತರ ಇಲ್ಲಿ ಪೂರ್ತಿ ಸಲ್ಲದು, ಏಕೆಂದರೆ ಪಿಟೀಲಿನಲ್ಲಿ ಬೆರಳು ಬೇಕಾದಲ್ಲಿ ನಿಲ್ಲುತ್ತದೆ. ಆದರೆ ಇದು ಗಾಯಕರೂ ರಸಿಕರೂ ಬೈಠಕ್ಕಿನಲ್ಲಿ ಕುಳಿತು ತೀರ್ಮಾನಿಸಬೇಕಾದ ವಿಚಾರ. ಅವರು ತೀರ್ಮಾನಿಸಿಯೂ ಇದ್ದರು: ರೇಡಿಯೋದ ಹೊರಗೆ ಖ್ಯಾಲ್ ಗಾಯಕರ ಪಕ್ಕದಲ್ಲಿ ಪೇಟಿ ಎಂದೂ ತಪ್ಪಲಿಲ್ಲ. ಇಲಾಖೆಯ ಸುತ್ತೋಲೆಯೊಂದು ಆ ಚರ್ಚೆಯನ್ನು ಮೂವತ್ತು ವರ್ಷ ತಡೆಹಿಡಿಯಿತು.

ಇದರ ಭಾರ ಯಾರ ಮೇಲೆ ಬಿದ್ದಿತು? ಹುಟ್ಟು ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಹಾನಗಲ್ಲ ಕುಮಾರ ಸ್ವಾಮಿಗಳ ಕೃಪೆಯಲ್ಲಿ ಬೆಳೆದು, ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಅಂಧ ಮತ್ತು ಅನಾಥ ಮಕ್ಕಳ ಗಾನಶಾಲೆಯಾಗಿ ಮಾಡಿದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010), ಶೈಶವದಲ್ಲೇ ದೃಷ್ಟಿ ಕಳೆದುಕೊಂಡವರು, ಹಾರ್ಮೋನಿಯಮ್ಮಿನಲ್ಲಿ ಅಸಾಧಾರಣ ಪ್ರಭುತ್ವವುಳ್ಳವರಾಗಿದ್ದರು. ಕಣ್ಣಿಲ್ಲದ ಹುಡುಗನಿಗೆ ಪೇಟಿಯ ಮನೆಗಳು ಬೆರಳಿಗೆ ಸಿಗುತ್ತವೆ. ಅದಕ್ಕೆ ತಂತಿ ಬಿಗಿಯುವ ಕೆಲಸವಿಲ್ಲ. ಚಕ್ಕಡಿಯಲ್ಲಿ ಹೇರಿಕೊಂಡು ಹೋದರೂ ಶ್ರುತಿ ಕೆಡದು. ಕಳಸಾಪುರದಂಥ ಊರುಗಳಲ್ಲಿ ಶ್ರಾವಣದ ಪುರಾಣಕ್ಕೆ, ಭಜನೆಗೆ, ಜಾತ್ರೆಯ ನಾಟಕಕ್ಕೆ ಬೇಕಾದವನು ಪೇಟಿ ಮಾಸ್ತರನೇ. ಆಶ್ರಮದ ದಾಸೋಹವೂ ಭಕ್ತರ ಭಿಕ್ಷೆಯಿಂದಲೂ ಗವಾಯಿಗಳ ನಾಟಕ ಕಂಪನಿಯ ಗಳಿಕೆಯಿಂದಲೂ ನಡೆದು ಬಂತು. ಅಂಥವರ ಅನ್ನದ ವಾದ್ಯವನ್ನೇ ಅಯೋಗ್ಯವೆಂದದ್ದು ರಾಗಶಾಸ್ತ್ರದ ಮಾತಾಗಿ ಮಾತ್ರ ಉಳಿಯಲಿಲ್ಲ.

ಆಕಾಶವಾಣಿಯ ಋಣವನ್ನೂ ಹೇಳಬೇಕು. ಮಲ್ಲಿಕಾರ್ಜುನ ಮನಸೂರರು ಧಾರವಾಡ ಕೇಂದ್ರದ ಸಂಗೀತ ಸಲಹೆಗಾರರಾಗಿದ್ದರು. ಪಂಚಾಕ್ಷರಿ ಗವಾಯಿಗಳ ಶಿಷ್ಯರೇ ಆದ ಬಸವರಾಜ ರಾಜಗುರುಗಳ ಕಂಠವೂ, ವಚನಗಾಯನವೂ ಒಕ್ಕಲಿಗನ ಮನೆಯ ಪಡಸಾಲೆಗೆ ಬಂದದ್ದು ಅದೇ ಪೆಟ್ಟಿಗೆಯಿಂದ. ಬೆಳಿಗ್ಗೆ ಆ ದನಿ ಕೇಳುತ್ತ ಹೊಲಕ್ಕೆ ಹೊರಡುತ್ತಿದ್ದ ಹಿರಿಯರು ಇನ್ನೂ ನಮ್ಮಲ್ಲಿದ್ದಾರೆ.

ಆ ನಿಷೇಧ ಈಗಿಲ್ಲ. ಅದರ ಹಿಂದಿನ ಬುದ್ಧಿ ಹೋಗಿದೆಯೇ ಎಂಬುದೇ ನಮ್ಮ ಸಂಶಯ. 1997ರಲ್ಲಿ ಪ್ರಸಾರ ಭಾರತಿಯು ಸ್ವಾಯತ್ತವೆಂದು ಸ್ಥಾಪನೆಗೊಂಡರೂ ಹಣಕ್ಕಾಗಿ ಸರಕಾರದ ಮುಖ ನೋಡುವುದು ತಪ್ಪಲಿಲ್ಲ. ನಮ್ಮ ರಾಜ್ಯದಲ್ಲಿ ಸಂಗೀತ ನೃತ್ಯಕ್ಕೊಂದು, ನಾಟಕಕ್ಕೊಂದು, ಜಾನಪದಕ್ಕೊಂದು ಅಕಾಡೆಮಿಗಳಿವೆ. ಪುರಾಣದ ಗವಾಯಿ ಯಾವ ಬಾಗಿಲು ತಟ್ಟಬೇಕು? ರಾಗ ಹಾಡುವುದರಿಂದ ಜಾನಪದದವರು ಅವನನ್ನು ಒಲ್ಲರು; ಕಥೆಯ ನಡುವೆ ಹಾಡುವುದರಿಂದ ಶಾಸ್ತ್ರೀಯರು ಒಲ್ಲರು; ಬಣ್ಣ ಹಚ್ಚದ ಕಾರಣ ನಾಟಕದವನೂ ಅಲ್ಲ. ಪುಟ್ಟರಾಜ ಗವಾಯಿಗಳಿಗೇ ಪದ್ಮಭೂಷಣ ಬಂದದ್ದು 2010ರಲ್ಲಿ, ಅವರು ಲಿಂಗೈಕ್ಯರಾದ ವರ್ಷ. ಹೆಸರಾಂತವರಿಗೆ ಇಷ್ಟು ತಡವಾದರೆ, ಹೆಸರಿಲ್ಲದ ಪೇಟಿ ಮಾಸ್ತರನ ಮಾಸಾಶನದ ಅರ್ಜಿಯ ಗತಿಯನ್ನು ವಾಚಕರೇ ಊಹಿಸಬಹುದು. ಅವನು ಕಲಾವಿದನೆಂಬುದಕ್ಕೆ ಪ್ರಮಾಣಪತ್ರ ಬೇಕು, ಪತ್ರಿಕೆಯ ತುಣುಕು ಬೇಕು, ಛಾಯಾಚಿತ್ರ ಬೇಕು. ನಲವತ್ತು ಶ್ರಾವಣ ಅವನ ಹಾಡು ಕೇಳಿದ ಊರಿನ ಸಾಕ್ಷಿಗೆ ಅರ್ಜಿಯಲ್ಲಿ ಅಂಕಣವಿಲ್ಲ.

ಪರೀಕ್ಷಕರು ವರ್ಷಕ್ಕೊಮ್ಮೆಯಾದರೂ ಶ್ರಾವಣದಲ್ಲಿ ಈ ಕಡೆಯ ಹಳ್ಳಿಗಳಿಗೆ ಬಂದು, ಪುರಾಣ ನಡೆಯುವ ಕಟ್ಟೆಯ ಮೇಲೆ ಜನರ ನಡುವೆ ಕುಳಿತು ಕೇಳಲಿ. ಪುಣ್ಯಾಶ್ರಮದಲ್ಲಿ ಕಲಿತವರ ಹೆಸರುಗಳನ್ನು ಇಲಾಖೆಯೇ ಕೇಳಿ ಪಡೆಯಲಿ. ಅರ್ಜಿಯನ್ನು ಓದಿ ಹೇಳಿ ತುಂಬಿಸಿಕೊಡುವ ಒಬ್ಬ ಸಹಾಯಕನು ಗದಗಿನ ಕಚೇರಿಯಲ್ಲಿರಲಿ.