ಲಿಫ್ಟನ್ನರ ‘ಎರಡನೆಯ ನಾನು’
ರಾಬರ್ಟ್ ಜೇ ಲಿಫ್ಟನ್ನರ ‘ದಿ ನಾಜಿ ಡಾಕ್ಟರ್ಸ್’ (1986) ಎಂಬುದು ಯುದ್ಧಕಾಲದ ಜರ್ಮನ್ ವೈದ್ಯರ ಮನೋವೃತ್ತಿಯನ್ನು ಶೋಧಿಸುವ ಗ್ರಂಥ. ಮನೆಯಲ್ಲಿ ವತ್ಸಲನಾದವನು ಶಿಬಿರದಲ್ಲಿ ಘಾತುಕನಾದುದೆಂತು? ಅವನೊಳಗೆ ಎರಡನೆಯ ‘ನಾನು’ ಒಂದು ಬೆಳೆಯಿತೆಂದು ಗ್ರಂಥಕರ್ತರ ಮತ. ಬದುಕುಳಿದ ವೈದ್ಯರನ್ನು ತಾವೇ ಕಂಡು ಮಾತನಾಡಿಸಿದ ಅವರ ಶ್ರಮವು ಸ್ತುತ್ಯವಾದುದು; ಅಪರಾಧಿಯ ಮಾತನ್ನು ಎಷ್ಟು ನಂಬಬೇಕೆಂಬುದು ಬೇರೆ ಪ್ರಶ್ನೆ.

ಆದರೆ ಈ ಮತವು ಡಕಾವ್ ಶಿಬಿರದ ವಿಷಯಕ್ಕೆ ಹೊಂದುವಂತೆ ನಮಗೆ ತೋರುವುದಿಲ್ಲ. ಅಲ್ಲಿ ಬಂದಿಗಳನ್ನು ಹಿಮದಂತಹ ನೀರಿನಲ್ಲಿ ಮುಳುಗಿಸಿ, ಸಾಯುವವರ ಮೈಶಾಖವನ್ನು ಅಳೆದು ಬರೆದಿಟ್ಟರು. ಆ ಫಲಿತಾಂಶಗಳನ್ನು ಪ್ರೊಫೆಸರ್ ಹೋಲ್ಟ್ಸ್‌ಲೋನರನು 1942ರ ಅಕ್ಟೋಬರಿನಲ್ಲಿ ನ್ಯೂರೆಂಬರ್ಗಿನ ವಿದ್ವತ್ಸಭೆಯಲ್ಲಿಯೇ ನಿರೂಪಿಸಿದನು. ಸಭಿಕರು ಪ್ರತಿಭಟಿಸಿದುದು ದಾಖಲೆಯಲ್ಲಿ ಕಾಣದು. ಅಲ್ಲಿ ಮಾತನಾಡಿದುದು ಅಡಗಿದ್ದ ಎರಡನೆಯ ‘ನಾನು’ ಅಲ್ಲ, ಪದವಿ ಬಿರುದುಗಳುಳ್ಳ ಮೊದಲನೆಯದೇ. ನಾಲ್ಕು ವರ್ಷಗಳ ಬಳಿಕ ಅದೇ ನಗರದಲ್ಲಿ 23 ಮಂದಿಯ ವಿಚಾರಣೆ ಮೊದಲಾಯಿತು. ಅವರಲ್ಲಿ 20 ಮಂದಿ ವೈದ್ಯರು.