ತಪ್ಪೊಪ್ಪಿಕೊಂಡ ನರ್ಸ್‌ಗೆ ಆಸ್ಪತ್ರೆ ಕೊಟ್ಟದ್ದೇನು?

ಅಮೆರಿಕದ ನ್ಯಾಶ್‌ವಿಲ್, 2017ರ ಡಿಸೆಂಬರ್. ವಾಂಡರ್‌ಬಿಲ್ಟ್ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್‌ಗೆಂದು ಕಾದಿದ್ದ 75 ವರ್ಷದ ಮಹಿಳೆಯ ಆತಂಕ ತಗ್ಗಿಸಲು ವೈದ್ಯರು ಬರೆದದ್ದು ವರ್ಸೆಡ್. ನರ್ಸ್ ಔಷಧಿ ಯಂತ್ರದಲ್ಲಿ 'ವಿ', 'ಇ' ಎಂಬ ಎರಡೇ ಅಕ್ಷರ ಒತ್ತಿದರು. ಯಂತ್ರದಲ್ಲಿ ಆ ಔಷಧಿ ಇದ್ದದ್ದು ಮಿಡಜೋಲಾಮ್ ಎಂಬ ಹೆಸರಿನಲ್ಲಿ. ಯಂತ್ರದ ತಡೆ ತೆಗೆದು ಮತ್ತೆ ಹುಡುಕಿದಾಗ ಕೈಗೆ ಬಂದದ್ದು ಸ್ನಾಯುಗಳನ್ನು ಸ್ತಬ್ಧಗೊಳಿಸುವ ವೆಕ್ಯುರೋನಿಯಮ್. ರೋಗಿ ಉಳಿಯಲಿಲ್ಲ.

ನರ್ಸ್ ತಪ್ಪನ್ನು ತಾವೇ ಒಪ್ಪಿಕೊಂಡರು. ಆಸ್ಪತ್ರೆ ಕೆಲವೇ ದಿನಗಳಲ್ಲಿ ಅವರನ್ನು ಕೆಲಸದಿಂದ ತೆಗೆಯಿತು. ಸರ್ಕಾರಕ್ಕೆ ಕೊಡಬೇಕಿದ್ದ ವರದಿಯನ್ನು ಮಾತ್ರ ಕೊಡಲಿಲ್ಲ. ರೋಗಿಯ ಮನೆಯವರ ಜೊತೆ, ವಿಷಯ ಹೊರಗೆಡಹಬಾರದೆಂಬ ಕರಾರಿನ ಮೇಲೆ ರಾಜಿಯಾಯಿತು. 2022ರಲ್ಲಿ ನ್ಯಾಯಾಲಯ ನರ್ಸ್ ತಪ್ಪಿತಸ್ಥರೆಂದು ತೀರ್ಪಿತ್ತು, ಮೂರು ವರ್ಷಗಳ ಪ್ರೊಬೇಷನ್ ವಿಧಿಸಿತು.

ನಿಜ ಹೇಳಿದವರು ಬೀದಿಗೆ ಬಿದ್ದರು, ಮುಚ್ಚಿಟ್ಟ ಸಂಸ್ಥೆ ಉಳಿದುಕೊಂಡಿತು. ಇದು ಮುಖ್ಯಸ್ಥರ ಸೋಲು.

ಹಾಗೆಂದು 'ಹೋಗಲಿ ಬಿಡಿ' ಎನ್ನುವುದು ಕ್ಷಮೆಯಲ್ಲ. ಬಾಟಲಿಯ ಮುಚ್ಚಳದ ಮೇಲೆಯೇ ಎಚ್ಚರಿಕೆ ಅಚ್ಚಾಗಿತ್ತು. ವರ್ಸೆಡ್ ದ್ರವ, ವೆಕ್ಯುರೋನಿಯಮ್ ನೀರು ಬೆರೆಸಬೇಕಾದ ಪುಡಿ. ಅದನ್ನೂ ಗಮನಿಸದೆ ಹೋದದ್ದೇಕೆ ಎಂದು ಕೇಳಲೇಬೇಕು. ಎರಡಕ್ಷರಕ್ಕೆ ಮಾರಕ ಮದ್ದನ್ನು ಕೈಗಿಡುವ ಯಂತ್ರವನ್ನೂ ಅಷ್ಟೇ ಕಟುವಾಗಿ ಕೇಳಬೇಕು. ಕನಿಷ್ಠ ಐದಕ್ಷರ ಒತ್ತಿಸಿ ಎಂದು ಔಷಧ ಸುರಕ್ಷತಾ ತಜ್ಞರು ಆಮೇಲೆ ಸಲಹೆ ಕೊಟ್ಟರು. ಶಿಕ್ಷೆಯ ಅಬ್ಬರದಲ್ಲಿ ಇಂಥ ಸಣ್ಣ ತಿದ್ದುಪಡಿಗಳೇ ಹಿಂದೆ ಬೀಳುತ್ತವೆ.

ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ 1996ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ಒಳ್ಳೆಯ ಮುಂದಾಳುಗಳಿದ್ದ ವಾರ್ಡುಗಳಲ್ಲೇ ಔಷಧಿ ತಪ್ಪುಗಳು ಹೆಚ್ಚು ದಾಖಲಾಗಿದ್ದವು! ಅಲ್ಲಿನ ಸಿಬ್ಬಂದಿಗೆ ಬಾಯಿಬಿಟ್ಟು ಹೇಳುವ ಧೈರ್ಯವಿತ್ತು ಎಂಬುದು ಅವರ ವಿವರಣೆ. ತಪ್ಪೇ ವರದಿಯಾಗದ ವಾರ್ಡನ್ನು ಹೊಗಳುವ ಮೇಲಧಿಕಾರಿಗಳು ಇದನ್ನು ಓದಬೇಕು.

ಇಂಗ್ಲೆಂಡಿನ ಲಿವರ್‌ಪೂಲ್ ಭಾಗದ ಮರ್ಸಿ ಕೇರ್ ಆರೋಗ್ಯ ಸಂಸ್ಥೆ 2016ರಿಂದ ಬೇರೆ ದಾರಿ ಹಿಡಿಯಿತು. ಯಾರಿಗೆ ನೋವಾಯಿತು, ಅವರಿಗೇನು ಬೇಕು, ಅದನ್ನು ಒದಗಿಸುವ ಹೊಣೆ ಯಾರದು ಎಂಬವೇ ಅಲ್ಲಿನ ಮೊದಲ ಪ್ರಶ್ನೆಗಳು. ಶಿಸ್ತುಕ್ರಮದ ಪ್ರಕರಣಗಳು ಗಣನೀಯವಾಗಿ ಇಳಿದವು. ಆದರೂ ಒಂದು ತಕರಾರು ಉಳಿಯುತ್ತದೆ: ರೋಗಿಯ ಮನೆಯವರ ಪರವಾಗಿ ಕ್ಷಮಿಸುವ ಹಕ್ಕು ಯಾವ ಆಡಳಿತಾಧಿಕಾರಿಗೂ ಇಲ್ಲ. ಮನೆಯವರನ್ನು ಕೂರಿಸಿಕೊಂಡು ನಡೆದದ್ದನ್ನೆಲ್ಲ ಹೇಳದೆ ಸಿಬ್ಬಂದಿಯನ್ನಷ್ಟೇ ಸಮಾಧಾನಪಡಿಸಿದರೆ, ವಾಂಡರ್‌ಬಿಲ್ಟ್‌ನ ಆ ಕರಾರಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ.